ಒಂದು ಗೇಣು

ನದಿ ಬಿಟ್ಟು ನಡೆದು ಇದು ಮೂರನೆಯ ದಿನ.
ಇಲ್ಲಿ ನೆಲವೆಂದರೆ ನೆಲವಲ್ಲ,
ರಾಫಿಯಾ ತಾಳೆಯ ಬೇರಿನಿಂದ ಬೇರಿಗೆ ಕಾಲಿಡಬೇಕು,
ತಪ್ಪಿದರೆ ತೊಡೆಯವರೆಗೆ ಕಪ್ಪು ನೀರು.
ಎಬಿನಾ ಹೆಗಲ ಮೇಲೆ ಉಕ್ಕಿನ ಕೊಳವೆ ಹೊತ್ತು
ಮುಂದೆ ಹೋಗುತ್ತಾನೆ; ಬಾಯಲ್ಲಿ ಬ್ರಾಜವಿಲ್‌ನ ಫುಟ್‌ಬಾಲು,
ಕತ್ತಿನ ಬೆವರಿಗೆ ಮುತ್ತುವ ಸಣ್ಣ ಜೇನ್ನೊಣ.
ಹಿಂದೆ ಮೊಂಜಾಲಿ. ತಲೆಯ ಮೇಲೆ ಬುಟ್ಟಿ,
ಬುಟ್ಟಿಯಲ್ಲಿ ಎಲೆ ಸುತ್ತಿದ ಮರಗೆಣಸಿನ ಕಡುಬು,
ಹೊಗೆಯಲ್ಲಿ ಒಣಗಿಸಿದ ಮೀನು,
ಮುಖದಲ್ಲಿ ನನ್ನ ಮೇಲೆ ಅಷ್ಟೇನೂ ಇಲ್ಲದ ನಂಬಿಕೆ.

ಕೊಳವೆ ಒತ್ತಿ, ಅರ್ಧ ಸುತ್ತು ತಿರುಗಿಸಿ, ಎಳೆದೆವು.
ಬಿಡಲೊಲ್ಲದೆ ಬಿಟ್ಟಿತು, ಅಂಟಿದ ತುಟಿ ಬಿಡುವ ಸದ್ದಿನಲ್ಲಿ.
ತೆರೆದರೆ ಅರ್ಧ ಮೀಟರ್ ಕತ್ತಲು:
ಪುಸ್ತಕದಲ್ಲಿ ಅದರ ಹೆಸರು ಪೀಟ್,
ಕೈಯಲ್ಲಿ, ನೀರು ಉಸಿರಾಡಗೊಡದ್ದರಿಂದ
ಕೊಳೆಯಲೂ ಆಗದೆ ಉಳಿದ ಎಲೆ.

"ಇದಕ್ಕಾಗಿ ಬಂದೆಯಾ?" ಅಂದಳು ಮೊಂಜಾಲಿ.
"ಉಣ್ಣುವುದಲ್ಲ, ಉಡುವುದಲ್ಲ."

ಎಲೆಯ ಮೇಲೊಂದು ಮೇಣವಿರುತ್ತದೆ ತಾಯಿ,
ಕೆಸುವಿನೆಲೆಯ ಮೇಲೆ ಹನಿ ನಿಲ್ಲದೆ ಜಾರುತ್ತದಲ್ಲ, ಅದೇ.
ಎಲೆ ಹೋದರೂ ಮೇಣ ಹೋಗುವುದಿಲ್ಲ.
ಮರ ಕುಡಿದ ನೀರಿನ ಗುರುತು ಅದರೊಳಗೆ.
ನೀರಿನಲ್ಲಿ ಹಗುರ ಹೈಡ್ರೋಜನ್ನೂ ಉಂಟು, ಭಾರದ್ದೂ ಉಂಟು;
ಮಳೆ ಧಾರಾಳವಾದ ಕಾಲದ ಮೇಣ ಹಗುರ,
ಮಳೆ ಕೈ ಬಿಗಿಹಿಡಿದ ಕಾಲದ್ದು ಭಾರ.
ತೂಗಿದರೆ ಗೊತ್ತಾಗುತ್ತದೆ.

"ಸಂತೆಯಲ್ಲೂ ಹಾಗೇ," ಅಂದಳು.
"ಮಳೆ ತಪ್ಪಿದರೆ ಎಲ್ಲವೂ ಭಾರ."

ಚಳಿಯ ದೇಶದ ಪ್ರಯೋಗಶಾಲೆಯಲ್ಲಿ ಹನ್ನೊಂದು ತಿಂಗಳು.
ಬೆರಳಗಲದ ಚೂರು, ಚೂರಿಗೊಂದು ಸೀಸೆ.
ಮೇಲಿಂದ ಇಳಿದೆ. ಅಜ್ಜಿಯ ಕಾಲ,
ಅಜ್ಜಿಗೂ ಅಜ್ಜಿಯ ಕಾಲ,
ಎರಡು ಸಾವಿರ ವರ್ಷ, ಎಲ್ಲ ಸರಾಗ.
ಆಮೇಲೆ ಒಂದು ಗೇಣು.
ಹೆಬ್ಬೆರಳಿಟ್ಟಲ್ಲಿ ಎರಡು ಸಾವಿರ,
ಕಿರುಬೆರಳು ತಲುಪಿದಲ್ಲಿ ಏಳು ಸಾವಿರದ ಐನೂರು.
ಯಂತ್ರ ಕೆಟ್ಟಿತೆಂದು ಮತ್ತೆ ತೂಗಿದೆ.
ಚೀಟಿ ಅದಲುಬದಲಾಯಿತೆಂದು ಮೂರನೆಯ ಸಲ.
ಮೇಣ ಭಾರ, ತೀರಾ ಭಾರ.
ಕೊನೆಗೆ ಒಪ್ಪಿಕೊಂಡೆ:
ಮಳೆ ಹೋಯಿತು, ನೀರು ಇಳಿಯಿತು,
ಬಿರುಕಿನಲ್ಲಿ ಗಾಳಿ ನುಗ್ಗಿತು,
ಜೌಗು ತನ್ನನ್ನು ತಾನೇ ತಿಂದುಕೊಂಡಿತು.
ಬರದ ವರ್ಷಗಳನ್ನಷ್ಟೇ ಅಲ್ಲ,
ಅದಕ್ಕೆ ಮೊದಲು ಕೂಡಿಟ್ಟ
ಒಳ್ಳೆಯ ವರ್ಷಗಳನ್ನೂ.

ಮರುವರ್ಷ ಮೊಂಜಾಲಿಯ ಅಂಗಳದಲ್ಲಿ
ನಕ್ಷೆ ಹರಡಿ ಹೇಳಿದೆ, ನಾನೇ ಕಳೆದು ಬಂದವಳಂತೆ:
ನಡುವೆ ಐದೂವರೆ ಸಾವಿರ ವರ್ಷ ಸಿಗಲಿಲ್ಲ.

ಅವಳು ಮಡುವಿನ ನೀರು ಮೊಗೆಯುವ ಬುಟ್ಟಿ ಹೆಣೆಯುತ್ತಿದ್ದಳು.
ತಲೆಯೆತ್ತಲಿಲ್ಲ. ಕಡ್ಡಿಗೊಂದರಂತೆ ಹೆಸರು ಹೇಳತೊಡಗಿದಳು:
ತಾನು. ತಾಯಿ ಬೊಯಿಂಗಾ. ಅವಳ ತಾಯಿ ಮೊಕೊಲಾ.
ಬೆರಳು ನಿಂತಿತು.
ಒಂದು ಕಡ್ಡಿ ಬಿಟ್ಟಳು. ಇನ್ನೊಂದು ಬಿಟ್ಟಳು.
ಅದರಾಚೆ ಮತ್ತೆ ಹೆಸರು: ನದಿ ದಾಟಿ ಬಂದ ಎಂಗೊಂಡೊ.

ಬಿಟ್ಟವರು ಯಾರು?

"ರಬ್ಬರಿನ ಕಾಲ. ಕಂಪನಿಯವರು ಬುಟ್ಟಿ ತೂಗುತ್ತಿದ್ದರು.
ತೂಕ ಕಡಿಮೆಯಾದವರು ಓಡಿ ಬಂದದ್ದು ಇದೇ ಜೌಗಿಗೆ.
ಹೆಸರು ಕೂಗಿದರೆ ಯಾರಿಗಾದರೂ ಕೇಳಿಸೀತೆಂದು
ಮಕ್ಕಳಿಗೆ ಹೆಸರೇ ಇಡಲಿಲ್ಲ."

ಬಿಟ್ಟ ಕಡ್ಡಿಗಳನ್ನೂ ಸೇರಿಸಿಯೇ ಹೆಣೆದಳು;
ಅಲ್ಲಿ ಬುಟ್ಟಿ ಸಡಿಲವಾಗಿರಲಿಲ್ಲ.
ಎಬಿನಾ ಗೂಟಕ್ಕೆ ರೇಡಿಯೊ ನೇತುಹಾಕಿ
ಸಿಗದ ಸ್ಟೇಷನ್ನಿಗೆ ಬೈಯುತ್ತಿದ್ದ.
ನನ್ನ ನೋಟ್‌ಬುಕ್ಕಿನಲ್ಲಿ ಆ ಗೇಣಿನೆದುರು
'ಪುರಾವೆ ಇಲ್ಲ' ಎಂದಿತ್ತು.
'ಇಲ್ಲ'ವನ್ನು ಹೊಡೆದು ಹಾಕಿದೆ.

ಆಗ ಅವಳು ಕೇಳಿದಳು:
"ಈ ವರ್ಷ ಮಡುವಿನ ನೀರು
ಎರಡು ತಿಂಗಳು ಮೊದಲೇ ಇಳಿಯಿತು.
ಅದನ್ನು ನಿನ್ನ ಕೊಳವೆ ಯಾವಾಗ ಹೇಳುತ್ತದೆ?"

ಬೆಳಿಗ್ಗೆ ತೆಗೆದ ತುಂಡು ಪಕ್ಕದಲ್ಲೇ ಇತ್ತು.
ಬಗ್ಗಿ ನೋಡಿದೆ. ಎಲ್ಲಕ್ಕಿಂತ ಮೇಲಿನ ಪದರ
ಇನ್ನೂ ಎಲೆಯಾಗಿಯೇ ಇತ್ತು,
ಅಂಚು ಮಾತ್ರ
ಒಣಗಿತ್ತು.