ಇಂಚಿಗೆ ನಾಲ್ಕು ಹೊಲಿಗೆ

ಹಿಂದಿನ ಜೇಬು. ಎಡ, ಬಲ.
ಏಳು ವರ್ಷದಿಂದ ನನ್ನ ಕೆಲಸ ಅಷ್ಟೇ.
ಯಾರೋ ಕತ್ತರಿಸಿ ಕೊಡುತ್ತಾರೆ, ಯಾರೋ ಗುಂಡಿ ಹಚ್ಚುತ್ತಾರೆ,
ಪೂರ್ತಿ ಪ್ಯಾಂಟು ನಾನು ನೋಡುವುದು
ಊರವರ ಮೈಮೇಲೆ.
ಜೇಬಿಗೆ ಇಷ್ಟು ಪೈಸೆ ಅಂತ ಲೆಕ್ಕ. ಹಾಗಾಗಿ
ನೀರು ಕುಡಿದರೆ ಎರಡು ಜೇಬು ಹೋಯಿತು,
ಬಚ್ಚಲಿಗೆ ಹೋದರೆ ನಾಲ್ಕು.
ಪಕ್ಕದ ಮಿಷನ್ನಿನ ಹುಲಿಗೆಮ್ಮ ಅತ್ತ ದಿನ
ಯಾಕೆ ಅಂತ ಕೇಳಲಿಲ್ಲ,
ಕೇಳಿದ್ದರೆ ಹತ್ತಾದರೂ ಹೋಗುತ್ತಿದ್ದವು.

ಮೇ ತಿಂಗಳು, ಕರೆಂಟು ಹೋಗಿ ಬಂದ ಹೊತ್ತು,
ಸೂಜಿ ತೋರುಬೆರಳಿನ ಉಗುರು ದಾಟಿ ಆಚೆ ಬಂತು.
ನೋವಿಗಿಂತ ಮೊದಲು ನೋಡಿದ್ದು
ಜೇಬಿನ ಮೇಲೆ ರಕ್ತ ಬಿತ್ತಾ ಅಂತ.
ನೀಲಿ ಬಟ್ಟೆ. ಕಾಣಿಸಲಿಲ್ಲ.
ಡಾಕ್ಟರು ಬೆರಳಿಗೆ ಬಿಳಿ ಟೋಪಿ ತೊಡಿಸಿ
'ಹನ್ನೊಂದು ದಿನ' ಅಂದರು.
ಜಿಲಾನ್ ಸಾಬ್ 'ಆರಾಮ ಮಾಡವ್ವ' ಅಂದ,
ಅಷ್ಟರಲ್ಲೇ ನನ್ನ ಸ್ಟೂಲಿನ ಮೇಲೆ ಬೇರೆ ಹುಡುಗಿ.

ಮೊದಲೆರಡು ದಿನ ಕಾಲು ಸುಮ್ಮನಿರಲಿಲ್ಲ.
ಮಂಚದ ಮೇಲೆ ಕೂತರೂ ಬಲಪಾದ
ಇಲ್ಲದ ಪೆಡಲನ್ನು ತುಳಿಯುತ್ತಿತ್ತು.
ಅನ್ನ ಅಗಿಯದೆ ನುಂಗಿ, ಎದ್ದು,
ಎಲ್ಲಿಗೂ ಹೋಗುವುದಿಲ್ಲವೆಂದು ನೆನಪಾಗಿ
ಖಾಲಿ ತಾಟಿನ ಮುಂದೆ ಮತ್ತೆ ಕೂತೆ.

ಮೂರನೆಯ ದಿನ ಎದುರುಮನೆ ಎರ್ರೆಮ್ಮತ್ತಿ
ಕೌದಿಯ ಗಂಟು ಹೊತ್ತು ಬಂದಳು.
'ಬಲಗೈ ಕುಂತ್ರ ಏನಾತು, ಎಡಗೈ ಐತಲ್ಲ.'
ಬೇವಿನ ನೆರಳು ಗೋಡೆಯಿಂದ ಗೋಡೆಗೆ ಸರಿದಂತೆ
ನಾವೂ ಕೌದಿ ಎಳೆದುಕೊಂಡು ಸರಿದೆವು.
ಎಡಗೈಗೆ ಏನೂ ಬರದು. ಇಂಚಿಗೆ ನಾಲ್ಕು ಹೊಲಿಗೆ,
ನಾಲ್ಕೂ ನಾಲ್ಕು ದಿಕ್ಕಿಗೆ.
ಮಿಷನ್ನು ಒಂದು ಉಸಿರಿಗೆ ಹಾಕುವಷ್ಟನ್ನು
ಅದು ಒಂದಿಡೀ ಮಧ್ಯಾಹ್ನ ಹಾಕಿತು.
ನಾಚಿಕೆಯಾಗಿ ಬಿಚ್ಚಲು ಹೋದರೆ
ಎರ್ರೆಮ್ಮತ್ತಿ ಕೈಮೇಲೆ ಬಡಿದಳು.
'ಬಿಚ್ಚಬ್ಯಾಡ. ಹೊದ್ದವರು ಎಣಸ್ತಾರೇನು?'

ಈ ತುಂಡು ಗಂಡನ ಲುಂಗಿ, ಆ ತುಂಡು ಮಗಳ ಮೊದಲ ಲಂಗ.
ಒಂದೊಂದಕ್ಕೂ ಒಂದು ಕತೆ, ಕತೆ ಮುಗಿಯುವ ತನಕ
ಮುಂದಿನ ತುಂಡು ಮುಟ್ಟುವಂತಿಲ್ಲ.
ಎಲ್ಲ ಕತೆ ಚೆನ್ನಾಗಿದ್ದವೆಂದು ಸುಳ್ಳೇಕೆ ಹೇಳಲಿ,
ಮೈದುನನ ಜಗಳಕ್ಕೆ ನಿದ್ದೆ ಬಂತು,
ಸೂಜಿ ಹಿಡಿದೇ ತೂಕಡಿಸಿದೆ.
ಎಚ್ಚರಾದಾಗ ಅದೇ ಜಗಳ ಇನ್ನೂ ನಡೆದಿತ್ತು.

ಮತ್ತೇನು ಕಂಡೆ ಆ ದಿನಗಳಲ್ಲಿ?
ಗುಡ್ಡ ಕಂಡೆ. ಬಳ್ಳಾರಿಯಲ್ಲೇ ಹುಟ್ಟಿ
ಗುಡ್ಡ ಕಂಡೆ ಅಂದರೆ ನಗುತ್ತೀರಿ.
ಹಗಲೆಲ್ಲ ಕುಡಿದ ಬಿಸಿಲನ್ನು ಆ ಬಂಡೆ
ಹೊತ್ತು ಮುಳುಗಿದ ಮೇಲೆ ಓಣಿಗಳಿಗೆ
ಚೂರುಚೂರೇ ತಿರುಗಿ ಕೊಡುತ್ತದೆ,
ಮಾಳಿಗೆ ಮೇಲೆ ಮಲಗಿದವರ ಬೆನ್ನಿಗೆ ಗೊತ್ತು.
ಮಿರ್ಚಿ ಗಾಡಿಯ ಗಾದಿಲಿಂಗಪ್ಪ
ಪ್ರತಿ ಮೆಣಸಿನಕಾಯಿಯನ್ನೂ ಸೀಳುವ ಮುನ್ನ
ಒಂದು ಸಲ ಹೊರಳಿಸಿ ನೋಡುತ್ತಾನೆ.
ಏಳು ವರ್ಷ ತಿಂದಿದ್ದೆ, ಈಗ ಕಂಡೆ.
ವಾಷಿಂಗಿನವರು ಬಿಟ್ಟ ನೀರು
ಮೋರಿಯಲ್ಲಿ ನೀಲಿ ಹರಿಯುವುದನ್ನೂ ಕಂಡೆ. ನಮ್ಮದೇ ನೀಲಿ.
ನಿಂತು ನೋಡಿದರೆ ಚಂದದ್ದೇ ಕಾಣುತ್ತದೆಂದು
ಯಾರು ಹೇಳಿದರು?

ಹನ್ನೆರಡನೆಯ ದಿನ ಸ್ಟೂಲು ವಾಪಸು ಸಿಕ್ಕಿತು.
ಬಾಡಿಗೆ ಇದೆ, ಗ್ಯಾಸು ಇದೆ, ನಾನೇನು ಸನ್ಯಾಸಿಯಲ್ಲ.
ತುಳಿದೆ. ಜೇಬು, ಜೇಬು, ಜೇಬು.
ನೀರನ್ನು ಮಾತ್ರ ಈಗ ಮಿಷನ್ನಿಗೆ ಬೆನ್ನು ತಿರುಗಿಸಿ ಕುಡಿಯುತ್ತೇನೆ,
ತಂಬಿಗೆ ಖಾಲಿಯಾಗುವ ತನಕ.
ಸಂಜೆ ಆಟೋ ಬಿಟ್ಟು ಕೌಲ್ ಬಜಾರಿನಿಂದ ನಡೆಯುತ್ತೇನೆ.
ರೈಲ್ವೆ ಗೇಟು ಹಾಕಿದ್ದರೆ
ಎಲ್ಲರೂ ಹಾರ್ನ್ ಹೊಡೆಯುವಾಗ
ಅದಿರಿನ ಗೂಡ್ಸು ಎಣಿಸುತ್ತೇನೆ. ಐವತ್ತೆಂಟು, ಐವತ್ತೊಂಬತ್ತು,
ಕೊನೆಯ ಡಬ್ಬಿಯ ಗಾರ್ಡು ಒಮ್ಮೆ ಕೈ ಎತ್ತಿದ.

ಶನಿವಾರದ ಲೆಕ್ಕದಲ್ಲಿ ನೂರಾ ಎಂಬತ್ತು ಕಡಿಮೆ.
ಜಿಲಾನ್ ಸಾಬ್ ಕನ್ನಡಕ ಏರಿಸಿ
'ಬೆರಳು ಇನ್ನೂ ನೋಯ್ತದೇನವ್ವ?' ಅಂದ.
ಹೂಂ ಅಂದೆ.
ಅದೊಂದು ಸುಳ್ಳು ನನಗಿರಲಿ.

ನಿನ್ನೆ ಹುಲಿಗೆಮ್ಮನ ಮಿಷನ್ನು ನಿಂತಿತು,
ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದಳು.
ಪೆಡಲಿನಿಂದ ಪಾದ ಎತ್ತಿದೆ.
'ಯಾಕ, ಏನಾತು?'
ಶುರು ಮಾಡಿದಳು, ತೀರಾ ಹಿಂದಿನಿಂದ,
ಅವಳಪ್ಪ ಎತ್ತು ಮಾರಿದ ವರ್ಷದಿಂದ.
ಹದಿನಾಲ್ಕು ಜೇಬು ಹೋದವು.
ಇನ್ನೂ ಅವಳ ಮದುವೆಯೇ ಆಗಿರಲಿಲ್ಲ.