ಇಳಿಯುವ ಸವಾಲು

ಪೆನೀಶ್ ಬಂದರಿನ ಹಳೆ ಐಸು ಕಾರ್ಖಾನೆಯಲ್ಲಿ
ಹೋದ ಶನಿವಾರ ಚಿತ್ರಗಳ ಹರಾಜು.
ಮೀನು ಹಾಕುವ ಕೊಕ್ಕೆಗಳಿಗೇ ನೇತುಹಾಕಿದ್ದರು ನಮ್ಮನ್ನು,
ಅಂದರೆ, ನಮ್ಮ ಕ್ಯಾನ್ವಾಸುಗಳನ್ನು.
ಬಂದ ದುಡ್ಡು ಓದು ಕಲಿಯುವ ಮಕ್ಕಳಿಗೆ:
ಒಂದು ಹಳೆ ವ್ಯಾನು, ವ್ಯಾನಿನ ತುಂಬ ಪುಸ್ತಕ,
ಡಾಂಬರು ಮುಗಿದ ಮೇಲೂ ಮುಂದೆ ಹೋಗಬೇಕು ಅದು.

ಸವಾಲು ಕೂಗಲು ಲಿಸ್ಬನ್ನಿನಿಂದ ಬರಬೇಕಿದ್ದವನಿಗೆ ಜ್ವರ.
ಯಾರೋ ಓಡಿ ಝುಲ್ಮೀರಾಳನ್ನು ಕರೆತಂದರು.
ನಲವತ್ತು ವರ್ಷ ಮೀನುಪೇಟೆಯಲ್ಲಿ ಕೂಗಿದ ಗಂಟಲು,
ಉಪ್ಪು ಹಾಕಿಟ್ಟ ಹಾಗೆ, ಇನ್ನೂ ಕೆಟ್ಟಿಲ್ಲ.

ಪಟ್ಟಿ ಕೊಟ್ಟರು.
ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡಳು.
ಕನ್ನಡಕ ಮರೆತೆ ಅಂದಳು.
ಅವಳಿಗೆ ಕನ್ನಡಕವೇ ಇಲ್ಲ ಅಂತ
ಅರ್ಧ ಊರಿಗೆ ಗೊತ್ತು;
ಉಳಿದರ್ಧಕ್ಕೆ, ಯಾಕೆ ಅಂತಲೂ.

ಮೀನುಪೇಟೆಯಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ.
ಎತ್ತರದಿಂದ ಶುರು, ಒಂದೇ ಉಸಿರಿಗೆ ಕೆಳಕ್ಕೆ:
ತೊಂಬತ್ತು, ಎಂಬತ್ತೊಂಬತ್ತು, ಎಂಟು, ಏಳು, ಆರು.
ಮೊದಲು 'ಶುಯ್!' ಅಂದವರಿಗೆ ಬುಟ್ಟಿ.
ಕಾದರೆ ಅಗ್ಗ. ಇನ್ನೂ ಕಾದರೆ ಪಕ್ಕದವನ ಪಾಲು.

'ಇವತ್ತಿನದು ಏರುವ ಹರಾಜು, ಡೋನಾ ಝುಲ್ಮೀರಾ.'
'ಮೇಲೆ ಹತ್ತೋದು ನನಗೆ ಆಗೋಲ್ಲ ಮಗನೆ. ಮೆಟ್ಟಿಲೂ ಅಷ್ಟೆ.'

ಮೊದಲನೆಯದು ನನ್ನದೇ.
ಪಟ್ಟಿಯಲ್ಲಿ ಅದರ ಹೆಸರು 'ಹೆಸರಿಲ್ಲದ್ದು, ಏಳು'.
ಮೂರಡಿ ಬೂದು, ಬೂದಿನೊಳಗೆ ಒಂದು ಹಳದಿ ಗೀರು;
ವಿಮರ್ಶಕರೊಬ್ಬರು ಅದನ್ನು ಮೌನದ ವ್ಯಾಕರಣ ಅಂದಿದ್ದರು.
ಕಿವಿರು ಬಿಡಿಸಿ ಮೀನಿನ ತಾಜಾತನ ನೋಡುವ ಹಾಗೆ
ಝುಲ್ಮೀರಾ ಚೌಕಟ್ಟಿನ ಅಂಚು ಎತ್ತಿ ನೋಡಿದಳು. ತಿರುಗಿದಳು.
'ಬೆಳಗಿನ ಜಾವ ಮೂರು ಗಂಟೆ.
ದೋಣಿ ಬಂದಿಲ್ಲ. ಅಡಿಗೆಮನೆ ದೀಪ ಆರಿಸಿಲ್ಲ.
ಸಾವಿರ ಯೂರೋ!'

ಒಂಬೈನೂರ ತೊಂಬತ್ತು, ಎಂಬತ್ತು, ಎಪ್ಪತ್ತು...
ನನ್ನ ಎರಡು ಚಳಿಗಾಲ ಜಾರಿ ಜಾರಿ ಇಳಿಯುವುದು ಕೇಳಿಸಿತು.
ಎಂಟುನೂರ ನಲವತ್ತಕ್ಕೆ, ಹಿಂದಿನ ಸಾಲಿನಿಂದ, 'ಶುಯ್!'
ಸಾರ್ಡೀನು ಡಬ್ಬಿ ಕಾರ್ಖಾನೆಯ ಲೆಕ್ಕದ ಎರ್ಮೆಲಿಂಡಾ.
ಜನ್ಮದಲ್ಲಿ ಚಿತ್ರ ಕೊಂಡವಳಲ್ಲ.
ಅವಳ ಅಡಿಗೆಮನೆಯಲ್ಲಿ ಈಗಲೂ ರಾತ್ರಿಯಿಡೀ ದೀಪ.

ಆಮೇಲೆ ನಡೆದದ್ದು ಶುದ್ಧ ಮೀನುಪೇಟೆ.
ಬೆತ್ತಲೆ ಹೆಣ್ಣು 'ಬಿಸಿಲಿಗೆ ಕಾಲು ಚಾಚಿದ ನಮ್ಮ ನಾದಿನಿ' ಆದಳು,
ಒಡೆದ ಹೂಜಿ 'ಅಪ್ಪ ಕುಡಿದು ಬಂದ ಭಾನುವಾರ'.
ನಗುತ್ತ, ಮೂಗೊರೆಸಿಕೊಳ್ಳುತ್ತ ಜನ ಶುಯ್ ಶುಯ್.

ಕೊನೆಯದು ಎರಡನೇ ಕ್ಲಾಸಿನ ಇರಿಯಾಳದು.
ಕಾಗದದ ಮೇಲೆ ನೀಲಿ, ನೀಲಿಯ ಕೆಳಗೆ ಮೂರು ಅಕ್ಷರ.
ಝುಲ್ಮೀರಾ ನೋಡಿದಳು. ಬಾಯಿ ತೆರೆಯಲಿಲ್ಲ.
'ಕೆಳಗಡೇದು ಓದಿ' ಅಂತು ಹುಡುಗಿ.
'ಕನ್ನಡಕ...'
'ನನಗೂ ಇಲ್ಲ, ಆದರೂ ಬರುತ್ತೆ' ಅಂತ
ಸ್ಟೂಲು ಎಳೆದುಕೊಂಡು ಹತ್ತಿತು.
'ಎರಡು ಅಲೆ ಇದೆಯಲ್ಲ, ಅದು ಎಮ್.
ಡೇರೆ ಥರದ್ದು ಆ. ಒಂದು ಕಾಲು ಮುಂದಿಟ್ಟದ್ದು ಎರ್.'
ತುಟಿ ಮೊದಲು ಸುಮ್ಮನೆ ಅಲ್ಲಾಡಿತು.
'ಮಾರ್' ಅಂದಳು ಝುಲ್ಮೀರಾ. ಕಡಲು.
ನೂರು ಜನರ ನಡುವೆ ಐಸು ಕಾರ್ಖಾನೆ
ಮತ್ತೆ ಐಸು ಕಾರ್ಖಾನೆಯಾಯಿತು.
'ಎಪ್ಪತ್ತು ವರ್ಷ ಇದರ ಪಕ್ಕದಲ್ಲೇ ಇದ್ದೆ.
ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ.'

ಮೈ ಕೊಡವಿಕೊಂಡು ಕೂಗಿದಳು: 'ಐವತ್ತು!'
ನಲವತ್ತೊಂಬತ್ತು ಬರುವ ಮೊದಲೇ ತಾನೇ 'ಶುಯ್!'
ಕೂಗುವವಳು ಕೊಳ್ಳಬಾರದು, ಪೇಟೆಯ ಕಟ್ಟಳೆ.
ಕಾರ್ಯದರ್ಶಿ ಪೆನ್ನು ಕಚ್ಚಿದ, ಬರೆದುಕೊಂಡ.

ಲೆಕ್ಕ ಮುಗಿಯಿತು. ವ್ಯಾನು ಬರುತ್ತದೆ.
ಎರಡು ಟೈರಿಗೆ ಸಾಲದೆ ಬಿದ್ದಿದೆ;
ಯಾರ ಹತ್ತಿರವಾದರೂ ಇದ್ದರೆ, ಹಳೆಯವೂ ಆದೀತು.