ಗಡ್ಡೆಗೆ ಗಡ್ಡ

ವಿಲ್ಲಾ ಖಾಲಿ ಮಾಡುವ ದಿನ ಬಿಯಾಟ್ರಿಸ್ ಮೇಡಂ
ನನ್ನ ಅಂಗೈಗೆ ಹಾಕಿದಳು ಮಣ್ಣು ಮೆತ್ತಿದ ಗಡ್ಡೆ:
"ಐರಿಸ್. ನನ್ನಜ್ಜಿಯ ಕಾಲದ್ದು. ಹೂವಿಗೆ ಗಡ್ಡ ಇರುತ್ತೆ, ನಗಬೇಡ."
ತಗಡಿನ ಚೀಟಿಯಲ್ಲಿ ಹೆಸರನ್ನು ಉಪ್ಪುಗಾಳಿ ತಿಂದಿತ್ತು,
ಉಳಿದದ್ದು ಇಸವಿ: ೧೯೨೬.

ಇದಕ್ಕೆ ಚಳಿ ಬೇಕಂತೆ.
ಶಾರ್ಜಾದಲ್ಲಿ ಎಲ್ಲಿಂದ ತರಲಿ?
ಎಂಟು ಜನರ ರೂಮಿನ ಫ್ರಿಜ್ಜಿನಲ್ಲಿ
ಹಸಿಮೆಣಸಿನ ಪಕ್ಕ, ಹಳೇ ಪೇಪರು ಹೊದಿಸಿ
ಮಲಗಿಸಿದೆ.

ಹತ್ತನೇ ವಾರ ಪೊಡಿಯಬ್ಬ
ಶುಂಠಿಯೆಂದು ಒಂದು ತುಂಡು ಕೊಯ್ದು
ಚಹಾಕ್ಕೆ ಜಜ್ಜಿದ.
ಎಲ್ಲರೂ ಉಗುಳಿದರು, ಬೈದರು.
ನಾನು ಗಾಯಕ್ಕೆ ಬೂದಿ ಹಚ್ಚಿ
ಟೆರೇಸಿನ ಎಣ್ಣೆಡಬ್ಬಿಯಲ್ಲಿ ನೆಟ್ಟೆ.
ಪೂರ್ತಿ ಹೂಳಬಾರದು, ಅಂದಿದ್ದಳು,
ಬೆನ್ನು ಬಿಸಿಲಿಗಿರಬೇಕು.
ಅದೊಂದು ನಮಗೆ ಹೇಳಿಕೊಡಬೇಕಿರಲಿಲ್ಲ.

ಮಾರ್ಚಿನ ಶುಕ್ರವಾರ, ಬಟ್ಟೆ ಒಣಹಾಕಲು ಹೋದರೆ
ಸೊಂಟದೆತ್ತರದ ದಂಟು, ಒಂದೇ ಹೂ.
ಒಗೆದೊಗೆದು ಮಾಸಿದ ಲುಂಗಿಯ ನೇರಳೆ;
ಜೋತ ಎಸಳಿನ ಮೇಲೆ, ನಿಜ, ಹಳದಿ ಗಡ್ಡ.

ಪೊಡಿಯಬ್ಬ ಬಂದ. ಬಗ್ಗಿ ಇಸವಿ ಓದಿದ,
ಬೆರಳು ಮಡಚಿ ಲೆಕ್ಕ ಹಾಕಿದ.
ತನ್ನ ಗಡ್ಡ ನೀವಿಕೊಂಡು, ಸುತ್ತ ಒಮ್ಮೆ ನೋಡಿ,
ಹಿರಿಯರಿಗೆ ಹೇಳುವಂತೆ
ಮೆಲ್ಲಗೆ ಸಲಾಂ ಹೇಳಿದ.